ನಲವತ್ತನೇ ನಿಮಿಷಕ್ಕೆ ಸರಿಯಾಗಿ ಬರುವ ಮಂಡಿನೋವು: ಐಟಿ ಬ್ಯಾಂಡ್ ತೊಂದರೆಯಿಂದ ಹೊರಬಂದವರು ಇದ್ದೀರಾ?

ಮೂರನೇಗೇರು (ಚರ್ಚೆ ಆರಂಭಿಸಿದವರು)

ವಯಸ್ಸು 43. ಸ್ಪರ್ಧೆಗಿರ್ಧೆ ಏನಿಲ್ಲ, ವಾರಕ್ಕೆ ಮೂರು ನಾಲ್ಕು ದಿನ ಖುಷಿಗೆ ಸೈಕಲ್ ತುಳಿಯುವವನು. ಐದು ವಾರಗಳಿಂದ ಬಲಮಂಡಿಯ ಹೊರಬದಿಯಲ್ಲಿ ಒಂದು ನೋವು ಗಂಟುಬಿದ್ದಿದೆ. ಅದರ ಸಮಯಪ್ರಜ್ಞೆ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹೊರಟಾಗ ಸುಳಿವೇ ಇರುವುದಿಲ್ಲ. ಅರ್ಧ ಗಂಟೆ ಹಾಯಾಗಿ ತುಳಿಯುತ್ತೇನೆ. ಮೂವತ್ತೈದನೇ ನಿಮಿಷಕ್ಕೆ ಆ ಜಾಗ ಬಿಸಿಯಾದಂತೆ ಅನ್ನಿಸುತ್ತದೆ, ನಲವತ್ತಕ್ಕೆ ಪ್ರತಿ ಸುತ್ತಿನಲ್ಲೂ ಕಾಲು ಕೆಳಗೆ ಬಂದಾಗ ಸೂಜಿ ಚುಚ್ಚುತ್ತದೆ. ಆಮೇಲೆ ಒಂದೇ ಕಾಲಿನಲ್ಲಿ ತುಳಿದುಕೊಂಡು ವಾಪಸು. ಮೆಟ್ಟಿಲು ಹತ್ತಲು ತೊಂದರೆಯಿಲ್ಲ, ಇಳಿಯಲು ಗೋಡೆ ಹಿಡಿಯಬೇಕು.

ವೈದ್ಯರು ಒತ್ತಿ ನೋಡಿ ಐಟಿ ಬ್ಯಾಂಡ್ ಸಿಂಡ್ರೋಮ್, ಅಂದರೆ ತೊಡೆಯ ಹೊರಬದಿಯ ನಾರಿನ ಪಟ್ಟಿಯ ತೊಂದರೆ ಎಂದರು. ನೋವಿನ ಮಾತ್ರೆ, ಎರಡು ವಾರ ವಿಶ್ರಾಂತಿ. ಎರಡೂ ವಾರ ಸೈಕಲ್ ಮುಟ್ಟಲಿಲ್ಲ. ಮೆಟ್ಟಿಲಿನ ನೋವೂ ಹೋಯಿತು. ನಿನ್ನೆ ಮತ್ತೆ ಹತ್ತಿದೆ. ನಲವತ್ತನೇ ನಿಮಿಷ, ಅದೇ ಸೂಜಿ.

ಏಳು ವಾರದಲ್ಲಿ ನನ್ನ ಮೊದಲ 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಇದೆ. ಹೆಸರು ಕೊಟ್ಟಾಗಿದೆ. ಸೈಕಲ್‌ನಲ್ಲಿ ಏನೂ ಬದಲಾಯಿಸಿಲ್ಲ, ಹಾಗಾಗಿ ದೋಷ ನನ್ನ ಮಂಡಿಯದ್ದೇ. ಯಾರಾದರೂ ಇದರಿಂದ ಪೂರ್ತಿ ಹೊರಬಂದಿದ್ದರೆ ಹೇಗೆ ಎಂದು ತಿಳಿಸಿ.

ಹಳೆಚೈನು

ಫೋಮ್ ರೋಲರ್ (ಗಟ್ಟಿ ಫೋಮಿನ ಉರುಳೆ) ತೆಗೆದುಕೊಳ್ಳಿ. ತೊಡೆಯ ಹೊರಬದಿಯನ್ನು ಅದರ ಮೇಲೆ ದಿನಕ್ಕೆ ಎರಡು ಸಲ ಉರುಳಿಸಿ. ಕಣ್ಣಲ್ಲಿ ನೀರು ಬರುವವರೆಗೆ ಉರುಳಿಸಬೇಕು, ಆಗಲೇ ಬಿಗಿಯಾದ ಪಟ್ಟಿ ಸಡಿಲವಾಗುವುದು.

ಎದುರುಗಾಳಿ

ನನಗೂ ಇದೇ ಆಗಿತ್ತು, ಎಡಗಾಲು. ಮೂರು ತಿಂಗಳು ಹಿಡಿಯಿತು. ಧೈರ್ಯವಾಗಿರಿ, ಹೋಗುತ್ತದೆ.

ಅಲೆನ್‌ಕೀ

"ಸೈಕಲ್‌ನಲ್ಲಿ ಏನೂ ಬದಲಾಯಿಸಿಲ್ಲ" ಎಂದು ಹೇಳಿದವರಲ್ಲಿ ನಿಜವಾಗಿಯೂ ಏನೂ ಬದಲಾಯಿಸದವರನ್ನು ನಾನು ಇನ್ನೂ ನೋಡಿಲ್ಲ. ಪ್ರಶ್ನೆಗಳು: ಕಳೆದ ಮೂರು ತಿಂಗಳಲ್ಲಿ ಹೊಸ ಸೀಟು? ಹೊಸ ಶೂ? ಹೊಸ ಕ್ಲೀಟ್ (ಶೂ ಅಡಿಯಲ್ಲಿದ್ದು ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು)? ಹೊಸ ಪೆಡಲ್? ಸೀಟಿನ ಕಂಬ ಬಿಚ್ಚಿ ಮತ್ತೆ ಹಾಕಿದ್ದೀರಾ? ತೊಡೆಸಂದಿನಿಂದ ನೆಲದವರೆಗೆ ಎಷ್ಟು ಸೆಂ.ಮೀ., ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ತೋಳು, ತಿರುಗುವ ಕೇಂದ್ರದಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು ಸೆಂ.ಮೀ.? ಅಳೆದು ಹಾಕಿ, ಆಮೇಲೆ ಮಾತಾಡೋಣ.

ಕೀಲುಕೆಲಸ

ನಾನು ಫಿಸಿಯೊಥೆರಪಿಸ್ಟ್, ವಾರಾಂತ್ಯದ ಸೈಕಲ್ ಸವಾರಳೂ ಹೌದು. ಹಳೆಚೈನು ಅವರೇ, ಕ್ಷಮಿಸಿ, ಆ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ.

ಐಟಿ ಬ್ಯಾಂಡ್ ಸ್ನಾಯುವಲ್ಲ. ಸೊಂಟದ ಎಲುಬಿನಿಂದ ಹೊರಟು ತೊಡೆಯ ಹೊರಬದಿಯುದ್ದಕ್ಕೂ ಇಳಿದು ಮಂಡಿಯ ಕೆಳಗೆ, ಮೊಳಕಾಲಿನ ಎಲುಬಿನ ಹೊರಬದಿಯ ಸಣ್ಣ ಉಬ್ಬಿಗೆ ಅಂಟಿಕೊಳ್ಳುವ ದಪ್ಪ ನಾರಿನ ಪಟ್ಟಿ ಅದು. ಮೇಲ್ಗಡೆ ಅದನ್ನು ಎಳೆದು ಹಿಡಿಯುವುದು ಪೃಷ್ಠದ ದೊಡ್ಡ ಸ್ನಾಯು ಮತ್ತು ಸೊಂಟದ ಮುಂಬದಿಯ ಒಂದು ಚಿಕ್ಕ ಸ್ನಾಯು. ನಡುವೆ ತೊಡೆಯೆಲುಬಿಗೂ ಅದು ಅಂಟಿಕೊಂಡಿರುತ್ತದೆ. ರೋಲರ್ ಮೇಲೆ ಉರುಳಿ ಅದನ್ನು ಉದ್ದ ಮಾಡುವುದು ಸಾಧ್ಯವಿಲ್ಲ, ಅಷ್ಟು ಬಲ ನಿಮ್ಮ ಮೈತೂಕದಲ್ಲಿಲ್ಲ.

1975ರಲ್ಲಿ ಅಮೆರಿಕದ ಮೆರೀನ್ ಸೈನಿಕರಲ್ಲಿ ಈ ತೊಂದರೆಯನ್ನು ವಿವರಿಸಿದಾಗ ಅದನ್ನು ಉಜ್ಜಾಟದ ಕಾಯಿಲೆ ಎಂದೇ ಕರೆದರು. ಪಟ್ಟಿ ಎಲುಬಿನ ಉಬ್ಬಿನ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ ಎಂಬ ಕಲ್ಪನೆ. 2006ರಲ್ಲಿ ಫೇರ್‌ಕ್ಲಫ್ ಮತ್ತು ಸಂಗಡಿಗರು ಅಂಗರಚನೆಯನ್ನು ಪರೀಕ್ಷಿಸಿ, ಪಟ್ಟಿ ಹಾಗೆ ಜಾರುವುದೇ ಇಲ್ಲ, ಅದರಡಿಯ ನರಗಳು ತುಂಬಿದ ಕೊಬ್ಬಿನ ಪದರ ಅಮುಕಲ್ಪಡುತ್ತದೆ ಎಂದು ವಾದಿಸಿದರು. ಮಂಡಿ ಸುಮಾರು 30 ಡಿಗ್ರಿ ಬಾಗಿದಾಗ ಅಮುಕುವಿಕೆ ಹೆಚ್ಚು. ಈಗಾಗಲೇ ಅಮುಕಿ ಕೆರಳಿದ ಜಾಗವನ್ನು ರೋಲರ್‌ನಿಂದ ಮತ್ತಷ್ಟು ಅಮುಕಿದರೆ ಏನಾಗುತ್ತದೆ? ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೇ.

ಮೂರನೇಗೇರು, ಮಂಡಿ ಊದುತ್ತದೆಯೇ? ನಡುವೆ ಸಿಕ್ಕಿಹಾಕಿಕೊಳ್ಳುತ್ತದೆಯೇ, ಕೈಕೊಟ್ಟಂತೆ ಆಗುತ್ತದೆಯೇ? ರಾತ್ರಿ ಮಲಗಿದಾಗಲೂ ನೋವಿದೆಯೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ಕಥೆ ಬೇರೆ. ಹೊರಬದಿಯ ಮಿನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಾಗಲೂ ನೋವು ಅಲ್ಲಿಯೇ ಹತ್ತಿರ ಬರುತ್ತದೆ. ಆಗ ಇಲ್ಲಿ ಕೇಳುತ್ತಾ ಕೂರದೆ ಮತ್ತೆ ವೈದ್ಯರ ಬಳಿ ಹೋಗಿ.

ಹಳೆಚೈನು

ಮೇಡಂ, ಹತ್ತು ವರ್ಷದಿಂದ ರೋಲರ್ ಬಳಸುತ್ತಿದ್ದೇನೆ, ನನಗೆ ಉಪಯೋಗವಾಗಿದೆ. ಪುಸ್ತಕದಲ್ಲಿ ಏನೇ ಇರಲಿ.

ಕೀಲುಕೆಲಸ

ಪೃಷ್ಠ, ತೊಡೆಯ ಮುಂಭಾಗದ ಸ್ನಾಯುಗಳ ಮೇಲೆ ಉರುಳಿಸಿದರೆ ಸ್ವಲ್ಪ ಹೊತ್ತು ಹಗುರವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಮಂಡಿಯ ಪಕ್ಕದ ನೋವಿನ ಜಾಗದ ಮೇಲೆ ಬೇಡ ಎಂದೆ.

ಭಾನುವಾರದಸವಾರ

ಹತ್ತು ವರ್ಷದಿಂದ ಬಳಸುತ್ತಲೇ ಇದ್ದೀರಿ ಎಂದರೆ ಹತ್ತು ವರ್ಷದಿಂದ ವಾಸಿಯಾಗಿಲ್ಲ ಎಂದಲ್ಲವೇ?

ಹಳೆಚೈನು

ನಿಮಗೆ ಉತ್ತರ ಕೊಡುವುದಿಲ್ಲ.

ಮೂರನೇಗೇರು

ಊತವಿಲ್ಲ, ಸಿಕ್ಕಿಹಾಕಿಕೊಳ್ಳುವುದಿಲ್ಲ, ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಅಲೆನ್‌ಕೀ ಅವರಿಗೆ: ಕ್ಲೀಟ್ ಸವೆದಿತ್ತು, ಎರಡು ತಿಂಗಳ ಹಿಂದೆ ಹೊಸದು ಹಾಕಿದೆ. ಅದೇ ಮಾದರಿ. ಸೀಟೂ ಆಗಲೇ ಬದಲಾಯಿತು, ಹಳೆಯದರ ಹೊದಿಕೆ ಹರಿದಿತ್ತು. ಆದರೆ ಎತ್ತರ ಬದಲಾಗಿಲ್ಲ, ಕಂಬದ ಮೇಲೆ ಕಪ್ಪು ಟೇಪ್ ಸುತ್ತಿ ಗುರುತು ಇಟ್ಟಿದ್ದೇನೆ, ಆ ಟೇಪ್ ಅಲ್ಲಾಡಿಲ್ಲ. ಅಳತೆ ಸಂಜೆ ಹಾಕುತ್ತೇನೆ.

ಅಲೆನ್‌ಕೀ

ಹೊಸ ಸೀಟು, ಹೊಸ ಕ್ಲೀಟ್. "ಏನೂ ಬದಲಾಯಿಸಿಲ್ಲ." ಸರಿ, ಕಾಯುತ್ತೇನೆ.

ಮೂರನೇಗೇರು

ಗೋಡೆಗೆ ಬೆನ್ನು ಕೊಟ್ಟು, ದಪ್ಪ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು ಅಳೆದೆ: 82 ಸೆಂ.ಮೀ. ಕ್ರ್ಯಾಂಕ್ ಕೇಂದ್ರದಿಂದ ಸೀಟಿನ ಮೇಲಕ್ಕೆ 74.2. ಕ್ರ್ಯಾಂಕ್ ಉದ್ದ 170 ಮಿ.ಮೀ.

ಇನ್ನೊಂದು ಕೆಲಸ ಮಾಡಿದೆ. ಹಳೆಯ ಸೀಟನ್ನು ಅಟ್ಟದಿಂದ ಇಳಿಸಿ ಹೊಸದರ ಪಕ್ಕ ಮೇಜಿನ ಮೇಲಿಟ್ಟೆ. ಕೆಳಗಿನ ಕಂಬಿಯಿಂದ ಮೇಲ್ಮೈವರೆಗೆ ಹೊಸದು 14 ಮಿ.ಮೀ. ಹೆಚ್ಚು ದಪ್ಪ. ಟೇಪ್ ಅಲ್ಲಾಡಿಲ್ಲ, ಸೀಟು ಮಾತ್ರ ಮೇಲೆ ಹೋಗಿದೆ. ಅಷ್ಟು ದಿನ ಆ ಟೇಪನ್ನೇ ದೇವರಂತೆ ನಂಬಿದ್ದೆ.

ಅಲೆನ್‌ಕೀ

ಇಲ್ಲಿಗೆ ಬಂದಿರಿ ನೋಡಿ. ಕ್ರ್ಯಾಂಕ್ ಕೇಂದ್ರದಿಂದ ಸೀಟಿನ ಎತ್ತರಕ್ಕೆ ಹಳೆಯ ಲೆಕ್ಕ: 82ಕ್ಕೆ 0.883 ಗುಣಿಸಿದರೆ 72.4. ಇನ್ನೊಂದು ಲೆಕ್ಕ 1967ರ ಹ್ಯಾಮ್ಲಿ ಮತ್ತು ಥಾಮಸ್ ಅವರದ್ದು: ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಅಚ್ಚಿನಿಂದ ಸೀಟಿಗೆ ಕಾಲಿನ ಅಳತೆಯ 109 ಪ್ರತಿಶತ. ಅಂದರೆ 89.4, ಅದರಲ್ಲಿ ಕ್ರ್ಯಾಂಕಿನ 17 ಕಳೆದರೆ ಮತ್ತೆ 72.4. ನಿಮ್ಮದು 18 ಮಿ.ಮೀ. ಎತ್ತರದಲ್ಲಿದೆ. ಸೀಟು ಎತ್ತರವಾದರೆ ಕಾಲು ಕೆಳಗೆ ಹೋದಾಗ ಮಂಡಿ ಹೆಚ್ಚು ನೆಟ್ಟಗಾಗುತ್ತದೆ, ಮೇಡಂ ಹೇಳಿದ ಆ 30 ಡಿಗ್ರಿಯ ಸುತ್ತಮುತ್ತಲೇ ಪ್ರತಿ ಸುತ್ತೂ ಹಾದುಹೋಗುತ್ತದೆ. ಮೇಲಾಗಿ ಪೆಡಲ್ ಎಟುಕಿಸಲು ಸೊಂಟ ಆಚೀಚೆ ತೂಗುತ್ತದೆ. ಇಳಿಸಿ. ಮುಗಿಯಿತು.

ಕೀಲುಕೆಲಸ

ಮುಗಿಯಲಿಲ್ಲ. ಆ ಸೂತ್ರಗಳು ಶುರುಮಾಡಲು ಒಳ್ಳೆಯವು, ಆದರೆ ಪಾದದ ಉದ್ದ, ಹಿಮ್ಮಡಿ ಎಷ್ಟು ಇಳಿಸಿ ತುಳಿಯುತ್ತಾರೆ, ಶೂ ಅಡಿಯ ದಪ್ಪ ಇದ್ಯಾವುದೂ ಅವುಗಳಿಗೆ ಗೊತ್ತಿಲ್ಲ. ಕೋನಮಾಪಕ ಇಟ್ಟು ನೋಡಿದಾಗ ಪೆಡಲ್ ಕೆಳಗಿರುವಲ್ಲಿ ಮಂಡಿಯ ಬಾಗು 25ರಿಂದ 35 ಡಿಗ್ರಿಯೊಳಗೆ ಇರಲಿ ಎನ್ನುವುದು ವಾಡಿಕೆ. ಈ ತೊಂದರೆ ಇರುವವರಿಗೆ 35ರ ಕಡೆಗೆ ವಾಲಿದರೆ ನೆಮ್ಮದಿ. ಒಂದೇ ದಿನ 18 ಮಿ.ಮೀ. ಇಳಿಸಿದರೆ ಮಂಡಿಚಿಪ್ಪಿನ ಮುಂದೆ ನೋವು ಬರಬಹುದು, ಅದು ಬೇರೆ ತಲೆನೋವು.

ನಿಮ್ಮ ಕಿಲೋಮೀಟರ್ ಲೆಕ್ಕ ಹೇಳಿ. ಬ್ರೆವೆಗಾಗಿ ಎಷ್ಟು ಬೇಗ ಏರಿಸಿದಿರಿ?

ಮೂರನೇಗೇರು

ಮೊದಲು ವಾರಕ್ಕೆ ಸುಮಾರು 90 ಕಿ.ಮೀ. ಹೆಸರು ಕೊಟ್ಟ ಮೇಲೆ 130, ಮುಂದಿನ ವಾರ 160, ಅದರ ಮುಂದಿನ ವಾರ 190. ಅಲ್ಲಿಂದ ನೋವು.

ಕೀಲುಕೆಲಸ

ಅದೇ ಅಂದುಕೊಂಡೆ.

ಸ್ಪೋಕುಪುರಾಣ

ಚಪ್ಪಟೆ ಪೆಡಲ್ ಹಾಕಿಕೊಳ್ಳಿ. ಕಾಲನ್ನು ಸೈಕಲ್‌ಗೆ ಕಟ್ಟಿಹಾಕುವ ಹುಚ್ಚೇ ಈ ಎಲ್ಲ ಮಂಡಿನೋವಿನ ಮೂಲ. ನಮ್ಮ ಹಿರಿಯರು ಬರಿಗಾಲಲ್ಲಿ ತುಳಿದರು, ಯಾರಿಗೆ ಐಟಿ ಬ್ಯಾಂಡ್ ಇತ್ತು?

ಎದುರುಗಾಳಿ

ಐಟಿ ಬ್ಯಾಂಡ್ ಎಲ್ಲರಿಗೂ ಇತ್ತು. ಇಲ್ಲದಿದ್ದರೆ ನಿಲ್ಲಲು ಆಗುತ್ತಿರಲಿಲ್ಲ. :)

ಆದರೆ ಸ್ಪೋಕುಪುರಾಣ ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಪಾದ ಒಂದೇ ಕೋನದಲ್ಲಿ ಬಿಗಿದಿದ್ದರೆ ನಿಮಿಷಕ್ಕೆ ಎಂಬತ್ತೈದು ಸುತ್ತಿನಂತೆ ನಲವತ್ತು ನಿಮಿಷಕ್ಕೆ 3,400 ಸಲ ಅದೇ ತಪ್ಪು ನಡೆಯುತ್ತದೆ. ನನಗೆ ಆದದ್ದು ಹಾಗೆಯೇ. ಎಡ ಕ್ಲೀಟ್ ಸ್ವಲ್ಪ ತಿರುಗಿತ್ತು, ಕಾಲಿನ ತುದಿ ಒಳಕ್ಕೆ ನೋಡುತ್ತಿತ್ತು. ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ.

ಅಲೆನ್‌ಕೀ

ಹೌದು, ಕ್ಲೀಟ್ ಮರೆತೇಬಿಟ್ಟಿದ್ದೆ. ಮೂರನೇಗೇರು, ಎತ್ತರದ ಮೇಜಿನ ಅಂಚಿಗೆ ಕುಳಿತು ಕಾಲು ಇಳಿಬಿಡಿ. ಪಾದಗಳು ತಾವಾಗಿಯೇ ಯಾವ ಕಡೆ ನೋಡುತ್ತವೆ ನೋಡಿ. ಹೆಚ್ಚಿನವರಿಗೆ ತುದಿ ಸ್ವಲ್ಪ ಹೊರಕ್ಕೆ. ಆಮೇಲೆ ಶೂ ಮಗುಚಿ ಎರಡೂ ಕ್ಲೀಟ್‌ಗಳನ್ನು ಹೋಲಿಸಿ. ಕ್ಲೀಟ್‌ನ ಬಣ್ಣವೂ ಹೇಳಿ.

ಮೂರನೇಗೇರು

ಶಿಮಾನೊ, ಹಳೆಯದು ಹಳದಿ. ಹೊಸದು... ನೀಲಿ. ಅಂಗಡಿಯಲ್ಲಿ "ಅದೇ ಕಂಪನಿಯದು" ಎಂದು ಕೊಟ್ಟರು, ನಾನೂ ಬಣ್ಣದ ವ್ಯತ್ಯಾಸ ಅಲಂಕಾರಕ್ಕೆ ಅಂದುಕೊಂಡೆ.

ಅಲೆನ್‌ಕೀ

ಹಳದಿಯಲ್ಲಿ ಪಾದ 6 ಡಿಗ್ರಿ ಹೊರಳಬಹುದು. ನೀಲಿಯಲ್ಲಿ 2 ಡಿಗ್ರಿ. ಕೆಂಪಿನಲ್ಲಿ ಸೊನ್ನೆ. ಅಲಂಕಾರವಂತೆ!

ಇಳಿಜಾರುಪ್ರಿಯ

ನಾನು ನಾಲ್ಕು ವರ್ಷದಿಂದ ಕೆಂಪು ಹಾಕಿಕೊಂಡಿದ್ದೇನೆ, ಕೆಂಪು ಸೈಕಲ್‌ಗೆ ಒಪ್ಪುತ್ತದೆ ಎಂದು. ಮಂಡಿ ಚೆನ್ನಾಗಿಯೇ ಇದೆ. ಈಗ ಭಯವಾಗುತ್ತಿದೆ.

ಕೀಲುಕೆಲಸ

ನೋವಿಲ್ಲದಿದ್ದರೆ ಮುಟ್ಟಬೇಡಿ.

ಮೂರನೇಗೇರು

ಶೂ ಮಗುಚಿ ದೀಪದ ಕೆಳಗೆ ನೋಡಿದೆ. ಅಡಿಯಲ್ಲಿ ಅಚ್ಚಾಗಿರುವ ಗೆರೆಗಳ ಸಹಾಯದಿಂದ ಎಣಿಸಿದರೆ ಎಡ ಕ್ಲೀಟ್ ನೇರ. ಬಲದ್ದರ ಮೂಗು, ಅಂದರೆ ಮುಂತುದಿ, ಶೂವಿನ ಹೊರ ಅಂಚಿನ ಕಡೆಗೆ ಒಂದು ಗೆರೆಯಷ್ಟು ವಾಲಿದೆ. ಹೊರಕ್ಕೆ ತಾನೇ, ಒಳ್ಳೆಯದಲ್ಲವೇ?

ಅಲೆನ್‌ಕೀ

ಅಲ್ಲ, ಇಲ್ಲಿ ಎಲ್ಲರೂ ಎಡವುತ್ತಾರೆ. ಪೆಡಲ್ ಅಲ್ಲಾಡುವುದಿಲ್ಲ, ಕ್ಲೀಟ್ ಅದರಲ್ಲಿ ಯಾವಾಗಲೂ ನೇರವಾಗಿ ಕೂರುತ್ತದೆ, ತಿರುಗುವುದು ಶೂ. ಕ್ಲೀಟ್‌ನ ಮೂಗು ಹೊರಕ್ಕಿದ್ದರೆ ಶೂವಿನ ತುದಿ ಒಳಕ್ಕೆ ತಿರುಗುತ್ತದೆ, ಜೊತೆಗೆ ಮಂಡಿಯ ಕೆಳಗಿನ ಕಾಲೂ ಒಳಕ್ಕೆ ತಿರುಚಿಕೊಳ್ಳುತ್ತದೆ. ಆಗ ಆ ಪಟ್ಟಿ ಇನ್ನಷ್ಟು ಬಿಗಿಯುತ್ತದೆ. ಹಳದಿಯಲ್ಲಿ 6 ಡಿಗ್ರಿ ಸ್ವಾತಂತ್ರ್ಯವಿದ್ದದ್ದರಿಂದ ಪಾದ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತಿತ್ತು.

ಓಟದವಳು

ಓಡುವವರ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಕ್ಲೀಟೂ ಇಲ್ಲ, ಸೀಟೂ ಇಲ್ಲ, ಆದರೂ ಈ ನೋವಿಗೆ ಬರವಿಲ್ಲ. ನಾನು ಇದರಿಂದ ಹೊರಬಂದದ್ದು ಸೊಂಟದ ಪಕ್ಕದ ಸ್ನಾಯುಗಳನ್ನು ಗಟ್ಟಿ ಮಾಡಿಕೊಂಡು. ಹಾಗಾಗಿ ಎಲ್ಲವನ್ನೂ ಸೈಕಲ್ ಮೇಲೆ ಹೊರಿಸಬೇಡಿ.

ಅಲೆನ್‌ಕೀ

ಓಟಗಾರರಿಗೆ ಶೂ ಇದೆ, ರಸ್ತೆಯ ಓರೆ ಇದೆ. ಏನಾದರೊಂದು ಇದ್ದೇ ಇರುತ್ತದೆ.

ಕೀಲುಕೆಲಸ

ಇಬ್ಬರೂ ಒಂದೊಂದು ತುದಿ ಹಿಡಿದು ಎಳೆಯುತ್ತಿದ್ದೀರಿ. 2000ದಲ್ಲಿ ಫ್ರೆಡರಿಕ್‌ಸನ್ ಮತ್ತು ಸಂಗಡಿಗರು ಈ ತೊಂದರೆಯಿದ್ದ 24 ಓಟಗಾರರನ್ನು ನೋಡಿದಾಗ ನೋವಿನ ಬದಿಯಲ್ಲಿ ಕಾಲನ್ನು ಪಕ್ಕಕ್ಕೆ ಎತ್ತುವ ಸೊಂಟದ ಸ್ನಾಯುಗಳ ಬಲ ಕಡಿಮೆಯಿತ್ತು. ಆರು ವಾರ ವ್ಯಾಯಾಮ ಮಾಡಿಸಿದ ಮೇಲೆ 22 ಮಂದಿ ನೋವಿಲ್ಲದೆ ಓಟಕ್ಕೆ ಮರಳಿದರು. ಹಾಗೆಂದು ಬಲಹೀನತೆಯೇ ಕಾರಣ ಎನ್ನಲಾಗದು, ನೋವಿನಿಂದಲೂ ಬಲ ಕುಂದುತ್ತದೆ. ಆದರೂ ನಾನು ಎಲ್ಲರಿಗೂ ಈ ವ್ಯಾಯಾಮ ಕೊಡುತ್ತೇನೆ. ಇಷ್ಟು ಹೊರೆ ತಡೆಯುವ ಕಾಲು ಬೇಕಲ್ಲ.

ಮೂರನೇಗೇರು, ಗೋಡೆಗೆ ಬೆನ್ನು, ಪೃಷ್ಠ, ಹಿಮ್ಮಡಿ ಮೂರೂ ತಾಗುವಂತೆ ಎಡಮಗ್ಗುಲಾಗಿ ಮಲಗಿ. ಬಲ ಹಿಮ್ಮಡಿಯನ್ನು ಗೋಡೆಗೆ ಒತ್ತಿಕೊಂಡೇ ಕಾಲನ್ನು ನಿಧಾನವಾಗಿ ಮೇಲೆ ಜಾರಿಸಿ. ಬೆರಳುಗಳು ಚಾವಣಿ ನೋಡಬಾರದು. ಹನ್ನೆರಡು ಸಲ ಮಾಡಿ ಏನೂ ಅನ್ನಿಸದಿದ್ದರೆ ನೀವು ಹಿಮ್ಮಡಿಯನ್ನು ಗೋಡೆಯಿಂದ ಬಿಡಿಸಿ ಮೋಸ ಮಾಡುತ್ತಿದ್ದೀರಿ ಎಂದರ್ಥ. ಎರಡು ವಾರದ ಬಳಿಕ ಮೆಟ್ಟಿಲಿನ ಅಂಚಿನಲ್ಲಿ ಒಂದು ಕಾಲಲ್ಲಿ ನಿಂತು, ಇನ್ನೊಂದು ಬದಿಯ ಸೊಂಟವನ್ನು ಇಳಿಸಿ ಏರಿಸುವುದು. ಆಮೇಲೆ ಒಂಟಿಕಾಲಿನ ಬೈಠಕ್, ಕೈಯಲ್ಲಿ ತೂಕ.

ಸವಾರಿ ಪೂರ್ತಿ ಬಿಡುವುದು ಬೇಡ. ನೋವು ನಲವತ್ತಕ್ಕೆ ಬರುತ್ತದೆ ತಾನೇ? ಇಪ್ಪತ್ತೈದಕ್ಕೆ ನಿಲ್ಲಿಸಿ, ದಿನ ಬಿಟ್ಟು ದಿನ. ಹತ್ತರಲ್ಲಿ ಎರಡರಷ್ಟು ನೋವು ಪರವಾಗಿಲ್ಲ, ಮರುದಿನ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಅದು ಇರಬಾರದು. ಭಾರದ ಗೇರು ಬೇಡ.

ಮೂರನೇಗೇರು

ಅಂದರೆ ಬ್ರೆವೆ?

ಕೀಲುಕೆಲಸ

ನೀವೇ ಹೇಳಿ.

ಹಳೆಚೈನು

200ಕ್ಕೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ನಿಧಾನವಾಗಿ ತುಳಿದರೆ ಮುಗಿಯುತ್ತದೆ. ನಾನು ಒಮ್ಮೆ ಜ್ವರದಲ್ಲೂ ಮುಗಿಸಿದ್ದೇನೆ.

ಭಾನುವಾರದಸವಾರ

ಜ್ವರ, ರೋಲರ್, ಕಣ್ಣೀರು. ಹಳೆಚೈನು ಅವರೇ, ಸೈಕಲ್ ನಿಮಗೆ ಏನು ಅನ್ಯಾಯ ಮಾಡಿದೆ?

ಸ್ಪೋಕುಪುರಾಣ

ವಿಷಯಾಂತರಕ್ಕೆ ಕ್ಷಮೆ ಇರಲಿ, ಆ ಹೊಸ ಸೀಟು ಹೇಗಿದೆ? ಅಗಲ ಎಷ್ಟು? ನನ್ನದು ಒಂದು ಗಂಟೆಗೆ ಮರದ ಹಲಗೆಯಾಗುತ್ತದೆ.

ಮೂರನೇಗೇರು

155 ಮಿ.ಮೀ. ಕೂರಲು ಸುಖವಾಗಿದೆ. ಅದೇ ದುಃಖ.

ಮೂರನೇಗೇರು (3 ವಾರಗಳ ನಂತರ)

ಸೀಟನ್ನು ಎರಡು ಮೂರು ದಿನಕ್ಕೊಮ್ಮೆ 4 ಮಿ.ಮೀ.ನಂತೆ ಇಳಿಸುತ್ತಾ 72.8ಕ್ಕೆ ತಂದಿದ್ದೇನೆ. ಹಳದಿ ಕ್ಲೀಟ್ ಹಾಕಿದೆ. ಈ ಸಲ ಬೋಲ್ಟ್ ಬಿಗಿಯುವ ಮೊದಲು ಕ್ಲೀಟ್‌ನ ಅಂಚಿನುದ್ದಕ್ಕೂ ಪೆನ್ಸಿಲ್ ಗೆರೆ ಎಳೆದೆ. ಆಗ ಗುಟ್ಟು ಗೊತ್ತಾಯಿತು: ಕೊನೆಯ ಬೋಲ್ಟನ್ನು ಬಿಗಿಯುವಾಗ ಅದರ ತಿರುವಿನ ಜೊತೆ ಕ್ಲೀಟೂ ತೆವಳುತ್ತದೆ. ಗೆರೆಯಿಂದ ಸುಮಾರು ಒಂದೂವರೆ ಮಿ.ಮೀ. ಸರಿದದ್ದು ಕಣ್ಣೆದುರೇ ಕಂಡಿತು. ಮೂರೂ ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರೆ ಸರಿಯುವುದಿಲ್ಲ.

ಗೋಡೆ ವ್ಯಾಯಾಮದ ವಿಚಾರ ಹೇಳಲೇ ನಾಚಿಕೆ. ಎಡಗಾಲು ಹನ್ನೆರಡು ಸಲ ಲೀಲಾಜಾಲವಾಗಿ ಎದ್ದಿತು. ಬಲಗಾಲು ಏಳನೇ ಸಲಕ್ಕೆ ನಡುಗಿತು. ಇಷ್ಟು ವರ್ಷ ಸೈಕಲ್ ತುಳಿದ ಕಾಲು!

25 ನಿಮಿಷದ ಸವಾರಿಗಳು ನೋವಿಲ್ಲದೆ ಮುಗಿದವು. ನಿನ್ನೆ 35. ಬಿಸಿಯಾಗಲಿಲ್ಲ. ಬ್ರೆವೆಯಿಂದ ಹೆಸರು ಹಿಂದಕ್ಕೆ ಪಡೆದೆ. ಬರೆಯುವಾಗ ಬೇಸರವಾಗುತ್ತದೆ, ಇರಲಿ.

ಎದುರುಗಾಳಿ

ಆ ಬೇಸರ ಗೊತ್ತು. ಒಳ್ಳೆಯ ತೀರ್ಮಾನ.

ಇಳಿಜಾರುಪ್ರಿಯ

ನಾನೂ ಗೋಡೆ ವ್ಯಾಯಾಮ ಮಾಡಿ ನೋಡಿದೆ. ಒಂಬತ್ತು. ನಗಬೇಡಿ.

ಓಟದವಳು

ಹದಿನೆಂಟು. ನಗುತ್ತೇನೆ.

ಕೀಲುಕೆಲಸ

ನಲವತ್ತನೇ ನಿಮಿಷ ದಾಟುವ ದಿನ ಗಡಿಯಾರ ನೋಡಬೇಡಿ. ಅಲ್ಲಿ ನೋವು ಬರುತ್ತದೆ ಎಂದು ಕಾಯುತ್ತಾ ಕುಳಿತರೆ ಮಂಡಿ ಬಿಗಿಯುತ್ತೀರಿ.

ಮೂರನೇಗೇರು (ಮತ್ತೆ 2 ವಾರಗಳ ನಂತರ)

ಹಿನ್ನಡೆ. ಗೆಳೆಯರ ಗುಂಪಿನ ಜೊತೆ ಹೋದೆ. 45 ನಿಮಿಷಕ್ಕೆ ವಾಪಸಾಗುತ್ತೇನೆ ಎಂದುಕೊಂಡವನು ಅವರ ಹಿಂದೆ ಭಾರದ ಗೇರಿನಲ್ಲಿ ಒಂದು ಉದ್ದ ಏರು ಹತ್ತಿದೆ, ನಿಮಿಷಕ್ಕೆ ಅರವತ್ತು ಸುತ್ತೂ ಇರಲಿಲ್ಲ. ಒಂದು ಗಂಟೆ ಹತ್ತು ನಿಮಿಷ. ಇಳಿಯುವಾಗಲೇ ಸೂಜಿ. ಇವತ್ತು ಮತ್ತೆ ಗೋಡೆ ಹಿಡಿದು ಮೆಟ್ಟಿಲು ಇಳಿದೆ. ಶುರುವಿನಿಂದ ಶುರುಮಾಡಬೇಕೇ?

ಕೀಲುಕೆಲಸ

ಬೇಡ. ಮೂರು ನಾಲ್ಕು ದಿನ ಸವಾರಿಯಿಲ್ಲ, ವ್ಯಾಯಾಮ ನೋವಿಲ್ಲದಷ್ಟು ಮಾತ್ರ. ಆಮೇಲೆ ಅರ್ಧ ಗಂಟೆಯಿಂದ. ಬಂದಷ್ಟೇ ಬೇಗ ಹೋಗುತ್ತದೆ, ಈಗ ಕಾರಣ ಗೊತ್ತಿದೆಯಲ್ಲ. ನೋವಿನ ಮಾತ್ರೆ ನುಂಗಿ ಸವಾರಿಗೆ ಹೋಗುವ ಯೋಚನೆಯನ್ನು ಮಾತ್ರ ಮಾಡಬೇಡಿ. ಎಚ್ಚರಿಸುವ ಗಂಟೆಯನ್ನೇ ಬಿಚ್ಚಿಟ್ಟಂತೆ ಅದು.

ಹಳೆಚೈನು

ಗುಂಪಿನ ಜೊತೆ ಹೋಗುವುದೇ ತಪ್ಪು. ನಾನು ಒಬ್ಬನೇ ಹೋಗುತ್ತೇನೆ.

ಭಾನುವಾರದಸವಾರ

ಕಾರಣ ಊಹಿಸಬಲ್ಲೆವು.

ಮೂರನೇಗೇರು (ಚರ್ಚೆ ಶುರುವಾಗಿ 12 ವಾರ)

ನಿನ್ನೆ 72 ಕಿ.ಮೀ., ಮೂರು ಗಂಟೆ ಚಿಲ್ಲರೆ. ಮಂಡಿ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ಮೆಟ್ಟಿಲನ್ನು ಬೇಕೆಂದೇ ಎರಡು ಸಲ ಇಳಿದು ನೋಡಿದೆ. ಬಲಗಾಲು ಗೋಡೆ ವ್ಯಾಯಾಮದಲ್ಲಿ ಹದಿನೈದು ದಾಟಿದೆ. ಹಗುರ ಗೇರಿನಲ್ಲಿ ಎಂಬತ್ತೈದರ ಸುತ್ತಮುತ್ತ ತುಳಿಯುವುದು ಈಗ ರೂಢಿಯಾಗಿದೆ, ಮೊದಮೊದಲು ಗಾಳಿಯಲ್ಲಿ ಕಾಲಾಡಿಸಿದಂತೆ ಇತ್ತು.

ಅಲೆನ್‌ಕೀ

ಅಭಿನಂದನೆಗಳು. ಸೀಟು ಮತ್ತು ಕ್ಲೀಟ್ ಎಂದು ಮೊದಲ ದಿನವೇ ಹೇಳಿದ್ದೆ.

ಕೀಲುಕೆಲಸ

ಮೂರು ವಾರದಲ್ಲಿ ಕಿಲೋಮೀಟರ್ ದುಪ್ಪಟ್ಟಾಗದೆ ಇದ್ದಿದ್ದರೆ ಆ ಸೀಟು, ಆ ಕ್ಲೀಟ್ ಇಟ್ಟುಕೊಂಡೇ ಅವರು ವರ್ಷಗಟ್ಟಲೆ ತುಳಿಯುತ್ತಿದ್ದರೇನೋ. ಹಿನ್ನಡೆಯಾದ ದಿನ ಸೀಟು ಸರಿಯಾಗಿಯೇ ಇತ್ತು, ಗಮನಿಸಿ.

ಓಟದವಳು

ಗೋಡೆ ವ್ಯಾಯಾಮವನ್ನು ಮರೆಯಬೇಡಿ.

ಅಲೆನ್‌ಕೀ

ವಾದವೇಕೆ? ಸೀಟನ್ನು ಮತ್ತೆ 74.2ಕ್ಕೆ ಏರಿಸಿ ನಾಲ್ಕು ವಾರ ತುಳಿಯಲಿ, ಉಳಿದದ್ದೆಲ್ಲ ಹಾಗೆಯೇ ಇರಲಿ. ಯಾರು ಸರಿ ಎಂದು ಗೊತ್ತಾಗುತ್ತದೆ.

ಕೀಲುಕೆಲಸ

ಒಪ್ಪಿದೆ.

ಮೂರನೇಗೇರು

ಇಬ್ಬರಿಗೂ ಹಳೆಯ ನೀಲಿ ಕ್ಲೀಟ್ ಜೋಡಿಯನ್ನು ಉಚಿತವಾಗಿ ಕಳುಹಿಸುತ್ತೇನೆ. ಪ್ರಯೋಗವನ್ನು ನಿಮ್ಮ ಮಂಡಿಗಳ ಮೇಲೆ ಮಾಡಿಕೊಳ್ಳಿ.